ಬಚ್ಚಲುಮನೆಯ ನವೀಕರಣ ಮತ್ತು ಗೋಡೆಯೊಳಗಿನ ಕೊಳವೆಗಳು



ಬಚ್ಚಲುಮನೆಯನ್ನು ಹೊಸದಾಗಿ ಮಾಡಿಸಬೇಕೆಂಬ ವಿಚಾರ ಬಂದಾಗ ಕುಟುಂಬದವರೆಲ್ಲ ಕೂಡಿ ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ಬಣ್ಣ, ಅಳತೆ, ಹೊಳಪು ಇವುಗಳ ಬಗ್ಗೆ ಒಂದು ಭಾನುವಾರವೆಲ್ಲ ಚರ್ಚೆ ನಡೆಯುತ್ತದೆ. ಅನಂತರ ನಲ್ಲಿಗಳು, ಕನ್ನಡಿ, ಬೇಸಿನ್ನು. ಗೋಡೆಯ ಒಳಗೆ ಹೋಗುವ ಕೊಳವೆ ಯಾವುದು, ಅದನ್ನು ಯಾರು ಜೋಡಿಸುತ್ತಾರೆ, ಜೋಡಿಸಿದ ಮೇಲೆ ಅದು ಸೋರುವುದಿಲ್ಲವೆಂದು ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ, ಅದೂ ಪ್ಲಂಬರ್ ಮುಂಗಡ ಕೇಳಲು ಬಂದಾಗ, ಎದುರಾಗುತ್ತದೆ. ಈ ಕ್ರಮ ತಲೆಕೆಳಗಾದುದು. ಟೈಲ್ ಒಡೆದರೆ ಅದೊಂದನ್ನು ಬದಲಿಸಬಹುದು. ನಲ್ಲಿ ಕೆಟ್ಟರೆ ಅರ್ಧ ಗಂಟೆಯ ಕೆಲಸ. ಗೋಡೆಯೊಳಗಿನ ಒಂದು ಮೊಣಕೈ ಸೋರಿದರೆ ಮಾತ್ರ ಹೊಸ ಗೋಡೆಯನ್ನೇ ಅಗೆಯಬೇಕಾಗುತ್ತದೆ. ಹಾಗೆ ಸೋರಿದ ನೀರು ಬಹುಪಾಲು ಸ್ವಂತ ಮನೆಯಲ್ಲಿ ಕಾಣಿಸಿಕೊಳ್ಳುವುದೂ ಇಲ್ಲ; ಕೆಳಗಿನ ಮನೆಯವರ ಛಾವಣಿಯಲ್ಲಿ ಕಂದು ಬಣ್ಣದ ಕಲೆಯಾಗಿ ಕಾಣಿಸಿಕೊಳ್ಳುತ್ತದೆ.

ಕನ್ನಡನಾಡಿನ ಹಳೆಯ ಮನೆಗಳ ಬಚ್ಚಲಿಗೆ ಈ ತೊಡಕು ಇರಲಿಲ್ಲ. ಒಲೆಯ ಮೇಲೆ ಹಂಡೆ, ಕೆಳಗೆ ಕಲ್ಲುಚಪ್ಪಡಿ; ಮಿಂದ ನೀರು ಗೋಡೆಯ ಬುಡದ ಕಿಂಡಿಯಿಂದ ಹೊರಬಿದ್ದು ಹಿತ್ತಿಲ ಬಾಳೆಗೋ ತೆಂಗಿಗೋ ಸೇರುತ್ತಿತ್ತು. ಬರುವ ನೀರೂ ಹೋಗುವ ನೀರೂ ಕಣ್ಣಿಗೆ ಕಾಣುತ್ತಿದ್ದವು. ಕೆರೆ, ಜಲಾಶಯಗಳ ನೀರು ಕೊಳವೆಯ ಮೂಲಕ ನಗರಗಳಿಗೆ ಬಂದುದು ಅನಂತರದ ಮಾತು: ಮುಂಬಯಿಗೆ ವಿಹಾರ್ ಕೆರೆಯಿಂದ 1860ರಲ್ಲಿ, ಬೆಂಗಳೂರಿಗೆ ಹೆಸರಘಟ್ಟದಿಂದ 1896ರಲ್ಲಿ, ಹೈದರಾಬಾದಿನ ಉಸ್ಮಾನ್ ಸಾಗರ ಸಿದ್ಧವಾದುದು 1920ರಲ್ಲಿ. ಬಹುಮಹಡಿ ವಸತಿಗಳು ಬಂದ ಮೇಲೆ ಒಬ್ಬರ ಬಚ್ಚಲಿನ ಮೇಲೆ ಇನ್ನೊಬ್ಬರ ಬಚ್ಚಲು, ಅದರ ಮೇಲೆ ಮತ್ತೊಬ್ಬರದು ಎಂಬಂತೆ ನೀರಿನ ಸಾಲುಗಳು ಲಂಬವಾಗಿ ನಿಂತವು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರ ವಾಸ ಇಂತಹ ಕಟ್ಟಡಗಳಲ್ಲಿಯೇ. ಆದುದರಿಂದ ಒಂದು ಬಚ್ಚಲಿನ ದುರಸ್ತಿ ಒಂದು ಕುಟುಂಬದ ಖಾಸಗಿ ವಿಷಯವಾಗಿ ಉಳಿದಿಲ್ಲ.

ಇಪ್ಪತ್ತೈದು ಮೂವತ್ತು ವರ್ಷ ಹಿಂದಿನ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಕಂಡುಬರುವುದು ಜಿ.ಐ. ಕೊಳವೆ, ಎಂದರೆ ಸತುವಿನ ಲೇಪನವುಳ್ಳ ಕಬ್ಬಿಣದ ಕೊಳವೆ. ಸತುವು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಸತುವು ಮುಗಿದ ಮೇಲೆ ಕಬ್ಬಿಣ ತುಕ್ಕು ಹಿಡಿಯುತ್ತದೆ; ಬಿಸಿನೀರಿನ ಸಾಲಿನಲ್ಲಿ ಇದು ಇನ್ನೂ ಬೇಗ. ತುಕ್ಕು ಕೊಳವೆಯ ಒಳಗೋಡೆಗೆ ಗಂಟುಗಂಟಾಗಿ ಅಂಟಿಕೊಳ್ಳುತ್ತದೆ. ಗಡಸು ನೀರಿದ್ದಲ್ಲಿ ಅದರ ಮೇಲೆ ಸುಣ್ಣದ ಪದರವೂ ಕಟ್ಟುತ್ತದೆ. ಕೊಳವೆಬಾವಿಯ ನೀರನ್ನು ಅವಲಂಬಿಸಿದ ಬಡಾವಣೆಗಳಲ್ಲಿ ಇರುವವರಿಗೆ ಈ ಬಿಳಿಯ ಪದರ ಬಕೆಟ್ಟಿನ ಅಂಚಿನಲ್ಲಿಯೇ ಪರಿಚಿತ. ಲೆಕ್ಕ ಹೀಗಿದೆ: 15 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಸುತ್ತಲೂ 3 ಮಿಲಿಮೀಟರ್ ಪದರ ಬೆಳೆದರೆ ಉಳಿಯುವ ದಾರಿ 9 ಮಿಲಿಮೀಟರ್. ವಿಸ್ತೀರ್ಣ ಮೂರನೆಯ ಒಂದು ಭಾಗಕ್ಕೆ ಸ್ವಲ್ಪ ಹೆಚ್ಚು ಎನ್ನುವಷ್ಟಕ್ಕೆ ಇಳಿಯುತ್ತದೆ. ಘರ್ಷಣೆಯನ್ನೂ ಸೇರಿಸಿದರೆ ಅದೇ ಒತ್ತಡದಲ್ಲಿ ಹರಿಯುವ ನೀರು ಸುಮಾರು ಕಾಲುಭಾಗಕ್ಕೆ ಬರುತ್ತದೆ. ಮೇಲಿನ ಟ್ಯಾಂಕು ತುಂಬಿದ್ದರೂ ಶವರಿನಲ್ಲಿ ನೀರು ತೊಟ್ಟಿಕ್ಕುವುದಕ್ಕೆ ಎಷ್ಟೋ ಮನೆಗಳಲ್ಲಿ ಇದೇ ಕಾರಣ. ಬೆಳಗಿನ ಮೊದಲ ತಂಬಿಗೆ ನೀರು ಕೆಂಬಣ್ಣಕ್ಕೆ ತಿರುಗಿರುವುದು, ಬಿಳಿಯ ಬಟ್ಟೆಯ ಮೇಲೆ ಕಂದು ಚುಕ್ಕೆ ಬೀಳುವುದು ಇದರ ಮುನ್ಸೂಚನೆ.

ಇಂತಹ ಕೊಳವೆಗಳಿಗೆ ತೇಪೆ ಹಾಕುವುದು ಲಾಭದಾಯಕವಲ್ಲ. ಸೋರುವ ಒಂದು ತುಂಡನ್ನು ಬಿಚ್ಚಲು ಪಾನಾ ಹಾಕಿ ತಿರುಗಿಸಿದಾಗ ಆ ಬಲ ಗೋಡೆಯೊಳಗಿನ ಮುಂದಿನ ಜೋಡಣೆಗೆ ಹೋಗುತ್ತದೆ. ಕೊಳವೆಯ ಅತ್ಯಂತ ತೆಳುವಾದ ಭಾಗ ಮರೆ ಕೊರೆದ ತುದಿಯೇ ಆದುದರಿಂದ ಅದು ಅಲ್ಲಿಯೇ ಮುರಿಯುತ್ತದೆ. ಈ ಹೊತ್ತು ಕೆಳಗಿನ ಮೊಣಕೈ, ಆರು ತಿಂಗಳ ಬಳಿಕ ಮೇಲಿನದು. ಟೈಲ್ಸ್ ತೆಗೆದು ಗೋಡೆ ಬರಿದಾಗಿರುವ ಹತ್ತು ಹದಿನೈದು ದಿನಗಳೇ ಇಡೀ ಸಾಲನ್ನು ಬದಲಿಸಲು ದೊರೆಯುವ ಅವಕಾಶ. "ಈಗ ಸೋರುತ್ತಿಲ್ಲವಲ್ಲ, ಹಳೆಯದೇ ಇರಲಿ" ಎಂದು ಹೇಳಿ ಹಳೆಯ ಕೊಳವೆಯ ಮೇಲೆ ಹೊಸ ಟೈಲ್ಸ್ ಅಂಟಿಸುವುದಕ್ಕಿಂತ ದುಬಾರಿಯಾದ ಉಳಿತಾಯ ಗೃಹಕೃತ್ಯದಲ್ಲಿ ಬೇರೆ ಕಡಿಮೆ.

ಕೆಲಸಕ್ಕೆ ಕೈಹಾಕುವ ಮುನ್ನ ಅನುಮತಿಯ ವಿಷಯ. ಸಹಕಾರಿ ವಸತಿ ಸಂಘದ ಸದಸ್ಯರು ಸಂಘಕ್ಕೆ ಲಿಖಿತವಾಗಿ ತಿಳಿಸಿ ಒಪ್ಪಿಗೆ ಪಡೆಯುವುದು ಅವಶ್ಯಕ. ಮಹಾರಾಷ್ಟ್ರದ ಮಾದರಿ ಉಪನಿಯಮಗಳ ಪ್ರಕಾರ ಹೊರಗಿನ ಸಾಮಾನ್ಯ ಕೊಳವೆ ಮತ್ತು ಚರಂಡಿ ಸಾಲಿನ ಸೋರಿಕೆಯ ದುರಸ್ತಿ ಸಂಘದ ವೆಚ್ಚ. ಮನೆಯೊಳಗಿನ ಶೌಚಾಲಯ, ಸಿಂಕ್ ಮೊದಲಾದವುಗಳಿಂದ ಆಗುವ ಸೋರಿಕೆಯ ವೆಚ್ಚ ಆಯಾ ಮನೆಯವರದು. ಈ ಗೆರೆ ಎಲ್ಲಿ ಬೀಳುತ್ತದೆಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಎಷ್ಟೋ ಮನಸ್ತಾಪಗಳು ತಪ್ಪುತ್ತವೆ. ಬೇರೆ ರಾಜ್ಯಗಳಲ್ಲಿ ಆಯಾ ಸಂಘದ ನಿಯಮಾವಳಿಯನ್ನು ನೋಡಬೇಕು. ದೆಹಲಿಯ ಸರಕಾರಿ ವಸತಿಗಳಲ್ಲಿ ಇರುವವರಿಗಂತೂ ಸ್ವತಃ ಗೋಡೆ ಕೊರೆಸುವ ಅಧಿಕಾರವಿಲ್ಲ; ಕೇಂದ್ರ ಲೋಕೋಪಯೋಗಿ ಇಲಾಖೆಯ ಸ್ಥಳೀಯ ಕಚೇರಿಗೆ ದೂರು ನೀಡುವುದೇ ಮಾರ್ಗ. ಕೆಳಗಿನ ಮನೆಯವರಿಗೆ ಒಂದು ಮಾತು ಮುಂಚಿತವಾಗಿ ತಿಳಿಸುವುದು ಯಾವ ಉಪನಿಯಮದಲ್ಲಿಯೂ ಇಲ್ಲದಿರಬಹುದು. ಆದರೂ ಅವರ ಛಾವಣಿಯನ್ನು ಕೆಲಸಕ್ಕೆ ಮೊದಲು ಒಮ್ಮೆ ನೋಡಿ, ಇರುವ ಕಲೆಗಳ ಛಾಯಾಚಿತ್ರವನ್ನು ಇಬ್ಬರೂ ಇಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ.

ಕೊಳವೆಯ ಆಯ್ಕೆಗೆ ಬಂದರೆ, ಈಗ ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಸಿ.ಪಿ.ವಿ.ಸಿ. ಬಿಸಿನೀರು ಮತ್ತು ತಣ್ಣೀರು ಎರಡಕ್ಕೂ ಇದು ಸಲ್ಲುತ್ತದೆ. ಇದಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 15778. ಸಾದಾ ಯು.ಪಿ.ವಿ.ಸಿ. ಕೊಳವೆಯ ಮಾನಕ ಐ.ಎಸ್. 4985, ಅದು 45 ಡಿಗ್ರಿ ಸೆಲ್ಸಿಯಸ್‌ವರೆಗಿನ ನೀರಿಗೆ ಮಾತ್ರ. ನೋಡಲು ಎರಡೂ ಪ್ಲಾಸ್ಟಿಕ್ಕೇ ಆದರೂ ಗೀಸರಿನಿಂದ ಬರುವ ಸಾಲಿಗೆ ಯು.ಪಿ.ವಿ.ಸಿ. ಹಾಕಿದರೆ ಕೆಲವೇ ಕಾಲದಲ್ಲಿ ಅದು ಮೆತ್ತಗಾಗಿ ಜೋತುಬೀಳುತ್ತದೆ. ಐ.ಎಸ್.ಐ. ಗುರುತಿನ ಜೊತೆಗೆ ಕೊಳವೆಯ ಮೇಲೆ ಪರವಾನಗಿ ಸಂಖ್ಯೆಯೂ ಮುದ್ರಿತವಾಗಿರಬೇಕು; ಆ ಸಂಖ್ಯೆ ನಿಜವೇ ಎಂಬುದನ್ನು ಭಾರತೀಯ ಮಾನಕ ಬ್ಯೂರೋದ 'ಬಿಐಎಸ್ ಕೇರ್' ಎಂಬ ಮೊಬೈಲ್ ಅನ್ವಯದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ತಾಮ್ರದ ಕೊಳವೆ ಉತ್ತಮವಾದರೂ ಬೆಲೆ ಹೆಚ್ಚು. ಕಾಯಿಸಿ ಬೆಸೆಯುವ ಪಿ.ಪಿ.ಆರ್. ಕೊಳವೆಯೂ ಉಂಟು, ಅದರ ಬೆಸುಗೆ ಯಂತ್ರವನ್ನು ಬಲ್ಲವರು ದೊರೆತಲ್ಲಿ ಮಾತ್ರ ಅದನ್ನು ಯೋಚಿಸಬೇಕು.

ಇಲ್ಲಿ ಸೀಸದ ವಿಚಾರ ಹೇಳದೆ ಮುಂದುವರಿಯುವಂತಿಲ್ಲ. ಪ್ಲಂಬರ್ ಎಂಬ ಪದವೇ ಸೀಸ ಎಂಬ ಅರ್ಥದ 'ಪ್ಲಂಬಂ' ಎಂಬ ಲ್ಯಾಟಿನ್ ಪದದಿಂದ ಬಂದುದು. ಪ್ರಾಚೀನ ರೋಮಿನಲ್ಲಿ ನೀರು ಸೀಸದ ಕೊಳವೆಗಳಲ್ಲಿ ಹರಿಯುತ್ತಿತ್ತು. ಪಿ.ವಿ.ಸಿ. ತಯಾರಿಕೆಯಲ್ಲಿ ಶಾಖಕ್ಕೆ ಪ್ಲಾಸ್ಟಿಕ್ ಕೆಡದಂತೆ ಸೀಸದ ಸಂಯುಕ್ತಗಳನ್ನು ಬೆರೆಸುವ ರೂಢಿ ಬಹುಕಾಲ ಇತ್ತು. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಕರ. ಈ ಬಗ್ಗೆ ಕೇಂದ್ರ ಪರಿಸರ ಸಚಿವಾಲಯವು 2021ರಲ್ಲಿ ನಿಯಮಗಳನ್ನು ಪ್ರಕಟಿಸಿ ಪಿ.ವಿ.ಸಿ. ಕೊಳವೆ ಮತ್ತು ಜೋಡಣೆಗಳಲ್ಲಿ ಸೀಸದ ಬಳಕೆಯನ್ನು ನಿಯಂತ್ರಿಸಿತು. ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿರುವ, ಗುರುತಿಲ್ಲದ ಅಗ್ಗದ ಕೊಳವೆಯನ್ನು ಕುಡಿಯುವ ನೀರಿನ ಸಾಲಿಗೆ ಕೊಳ್ಳದಿರಲು ಇದೂ ಒಂದು ಕಾರಣ.

ಒಳ್ಳೆಯ ಕೊಳವೆಯೂ ಕೆಟ್ಟ ಜೋಡಣೆಯಿಂದ ಕೆಡುತ್ತದೆ. ಸಿ.ಪಿ.ವಿ.ಸಿ. ಕೊಳವೆಯನ್ನು ನೇರವಾಗಿ ಕತ್ತರಿಸಿ, ತುದಿಯ ತರಿಯನ್ನು ಕೆರೆದು ತೆಗೆದು, ಒರೆಸಿ, ಕೊಳವೆಗೂ ಜೋಡಣೆಯ ಒಳಕ್ಕೂ ಅಂಟನ್ನು ಸವರಿ, ಕಾಲು ಸುತ್ತು ತಿರುಗಿಸಿ ಒತ್ತಿ, ಅರ್ಧ ನಿಮಿಷವಾದರೂ ಬಿಡದೆ ಹಿಡಿಯಬೇಕು. ಹಿಡಿಯದೆ ಬಿಟ್ಟರೆ ಅಂಟು ಹಸಿಯಿರುವಾಗಲೇ ಕೊಳವೆ ಹಿಂದಕ್ಕೆ ಜಾರುತ್ತದೆ. ಹೊರಗಿನಿಂದ ನೋಡಿದರೆ ಕೂಡಿದಂತೆಯೇ ಇರುತ್ತದೆ. ಸಿ.ಪಿ.ವಿ.ಸಿ.ಗೆ ಅದರದೇ ಅಂಟು ಬೇಕು, ಸಾದಾ ಪಿ.ವಿ.ಸಿ.ಯ ಅಂಟು ಸಲ್ಲದು. ಡಬ್ಬಿಯಲ್ಲಿ ಗಟ್ಟಿಯಾದ ಅಂಟಿಗೆ ಥಿನ್ನರ್ ಬೆರೆಸಿ ಬಳಸುವುದನ್ನು ಕಂಡರೆ ಕೂಡಲೇ ತಡೆಯಬೇಕು. ನಲ್ಲಿ ಕೂರುವ ಜಾಗಗಳಲ್ಲಿ ಹಿತ್ತಾಳೆಯ ಮರೆಯುಳ್ಳ ಜೋಡಣೆಯನ್ನೇ ಹಾಕಿಸಬೇಕು. ಪ್ಲಾಸ್ಟಿಕ್ಕಿನ ಮರೆಗೆ ಕಬ್ಬಿಣದ ತುದಿಯನ್ನು ಬಿಗಿದರೆ ಆ ದಿನ ಸೀಳದಿದ್ದರೂ ಮುಂದೆ ಸೀಳುತ್ತದೆ.

ಪ್ಲಾಸ್ಟಿಕ್ ಶಾಖಕ್ಕೆ ಹಿಗ್ಗುವ ಪ್ರಮಾಣ ಉಕ್ಕಿನ ಐದಾರು ಪಟ್ಟು. ಮೂರು ಮೀಟರ್ ಉದ್ದದ ಸಿ.ಪಿ.ವಿ.ಸಿ. ಕೊಳವೆಯಲ್ಲಿ ನೀರಿನ ಉಷ್ಣತೆ 40 ಡಿಗ್ರಿ ಏರಿದರೆ ಅದು ಸುಮಾರು 8 ಮಿಲಿಮೀಟರ್ ಉದ್ದವಾಗಲು ಹವಣಿಸುತ್ತದೆ. ನೀರು ತಣಿದಾಗ ಮರಳಿ ಕುಗ್ಗುತ್ತದೆ. ದಿನಕ್ಕೆ ಎರಡು ಬಾರಿ, ವರ್ಷದ ಮುನ್ನೂರ ಅರವತ್ತೈದು ದಿನವೂ ಈ ಎಳೆದಾಟ ನಡೆಯುತ್ತಿರುತ್ತದೆ. ಬಿಸಿನೀರಿನ ಸಾಲನ್ನು ಕಾಂಕ್ರೀಟಿನಲ್ಲಿ ಅಲುಗದಂತೆ ಹುಗಿಯದೆ, ಮೃದುವಾದ ಹೊದಿಕೆ ಸುತ್ತಿ, ತಿರುವುಗಳ ಬಳಿ ಸ್ವಲ್ಪ ಆಸ್ಪದ ಬಿಟ್ಟು ಮುಚ್ಚುವುದು ಇದಕ್ಕಾಗಿ. ಹೊದಿಕೆಯಿಂದ ನೀರು ಬೇಗ ಆರುವುದೂ ತಪ್ಪುತ್ತದೆ. ಗೀಸರಿಗೆ ಕೊಳವೆಯನ್ನು ನೇರವಾಗಿ ಅಂಟಿಸದೆ ಲೋಹದ ಜೋಡಣೆಯ ಮೂಲಕ ಸೇರಿಸಬೇಕು. ಹೆಚ್ಚಿದ ಒತ್ತಡವನ್ನು ಹೊರಬಿಡುವ ವಾಲ್ವಿನ ಬಾಯಿಯನ್ನು ಮುಚ್ಚಿಸಕೂಡದು. ಅದು ಆಗಾಗ ಹನಿಯುತ್ತದೆಂದು ಬಿರಡೆ ಹಾಕಿಸುವವರಿದ್ದಾರೆ. ಅನಿಲದ ಗೀಸರ್ ಇರುವ ಮನೆಯವರು ನವೀಕರಣದ ಈ ಸಂದರ್ಭದಲ್ಲಿಯೇ ಅದನ್ನು ಬಚ್ಚಲಿನಿಂದ ಹೊರಕ್ಕೆ, ಗಾಳಿಯಾಡುವ ಜಾಗಕ್ಕೆ ಸ್ಥಳಾಂತರಿಸಬೇಕು. ಮುಚ್ಚಿದ ಬಚ್ಚಲಿನಲ್ಲಿ ಅದು ಉರಿಯುವಾಗ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೋನಾಕ್ಸೈಡ್ ಉಂಟಾಗುತ್ತದೆ. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಬಾಗಿಲು ತೆರೆಯದೆ ಒಳಗೇ ಪ್ರಾಣಬಿಟ್ಟ ಘಟನೆಗಳು ನಮ್ಮ ದೇಶದಲ್ಲಿ ಅನೇಕ.

ಗೋಡೆಯನ್ನು ಕೊರೆಯುವುದಕ್ಕೂ ಮಿತಿಯಿದೆ. ಇಟ್ಟಿಗೆ ಕಟ್ಟಡದ ಭಾರತೀಯ ಮಾನಕದ ಪ್ರಕಾರ ಭಾರ ಹೊರುವ ಗೋಡೆಯಲ್ಲಿ ಲಂಬವಾದ ಕೊರೆತ ಗೋಡೆಯ ದಪ್ಪದ ಮೂರನೆಯ ಒಂದು ಭಾಗವನ್ನೂ ಅಡ್ಡ ಕೊರೆತ ಆರನೆಯ ಒಂದು ಭಾಗವನ್ನೂ ಮೀರಬಾರದು. ಕಾಂಕ್ರೀಟಿನ ಕಂಬ ಮತ್ತು ತೊಲೆಗಳನ್ನು ಮುಟ್ಟಲೇಬಾರದು. ಕೊಳವೆಗೆ ದಾರಿ ಮಾಡಲು ತೊಲೆಯ ಕಬ್ಬಿಣವನ್ನೇ ಕತ್ತರಿಸಿ, ಸಿಮೆಂಟು ಮೆತ್ತಿ ಹೋಗುವ ಕೆಲಸದವರು ಇಲ್ಲದಿಲ್ಲ. ಹಳೆಯ ಕಟ್ಟಡಗಳಲ್ಲಿ ಕೊಳವೆಗಳನ್ನು ಗೋಡೆಯ ಮೇಲೆಯೇ ಅಥವಾ ತೆಗೆಯಬಹುದಾದ ಹಲಗೆಯ ಹಿಂದೆ ಒಯ್ಯುವುದು ಎಷ್ಟೋ ಮೇಲು. ನೋಟಕ್ಕೆ ಅದು ಅಷ್ಟು ಅಂದವಲ್ಲವೆಂಬುದು ನಿಜ; ಆದರೆ ಸೋರಿದ ದಿನವೇ ಅದು ಕಣ್ಣಿಗೆ ಬೀಳುತ್ತದೆ.

ಬರುವ ನೀರಿನ ವಿಚಾರ ಇಷ್ಟು. ಹೋಗುವ ನೀರಿನ ವಿಚಾರದಲ್ಲಿ ಜನರ ಗಮನ ಇನ್ನೂ ಕಡಿಮೆ. ಅಪಾಯ ಮಾತ್ರ ಹೆಚ್ಚು. ಬಚ್ಚಲಿನ ನೆಲದ ಜಾಲರಿಯ ಕೆಳಗೆ ಕೂರುವ ಬಾಗುಕೊಳವೆಗೆ ಭಾರತದ ಪ್ಲಂಬರುಗಳೆಲ್ಲ, ಅವರು ಯಾವ ರಾಜ್ಯದವರಾಗಲಿ, 'ನಹಾನಿ ಟ್ರ್ಯಾಪ್' ಎಂದೇ ಹೇಳುತ್ತಾರೆ. ಭಾರತೀಯ ಮಾನಕಗಳಲ್ಲಿಯೂ ಈ ಪದವೇ ಬಳಕೆಯಲ್ಲಿದೆ. ಇದು ಬಚ್ಚಲು ಎಂಬ ಅರ್ಥದ 'ನ್ಹಾಣಿ' ಎಂಬ ಮರಾಠಿ, ಕೊಂಕಣಿ ಪದ. ಕರಾವಳಿಯ ಕನ್ನಡಿಗರಿಗೆ ಇದು ನೆರೆಮನೆಯ ಮಾತು. ಇದರ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಕನಿಷ್ಠ 50 ಮಿಲಿಮೀಟರ್ ಆಳದ ಈ ನೀರೇ ಚರಂಡಿಯ ವಾಯು ಮನೆಯೊಳಗೆ ಬಾರದಂತೆ ತಡೆಯುವ ಮುದ್ರೆ. ಇಂತಹ ಬಾಗುಕೊಳವೆಯನ್ನು ಶೌಚಕುಂಡಕ್ಕೆ ಅಳವಡಿಸಿ 1775ರಲ್ಲಿ ಹಕ್ಕುಪತ್ರ ಪಡೆದವನು ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ. ಇಂದಿಗೂ ಅದಕ್ಕಿಂತ ಸರಳವಾದ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ.

ಈ ಅಂಗೈಯಷ್ಟು ನೀರು ಇಲ್ಲವಾದರೆ ಏನಾಗಬಹುದೆಂಬುದನ್ನು ಹಾಂಕಾಂಗ್ 2003ರಲ್ಲಿ ಕಂಡಿತು. ಅಲ್ಲಿಯ ಆಮೊಯ್ ಗಾರ್ಡನ್ಸ್ ಎಂಬ ಬಹುಮಹಡಿ ವಸತಿ ಸಮುಚ್ಚಯದಲ್ಲಿ ಸಾರ್ಸ್ ರೋಗ 300ಕ್ಕೂ ಹೆಚ್ಚು ನಿವಾಸಿಗಳಿಗೆ ತಗುಲಿತು. ತನಿಖೆ ನಡೆಸಿದ ಅಧಿಕಾರಿಗಳ ಗಮನ ಬಚ್ಚಲಿನ ನೆಲದ ಬಾಗುಕೊಳವೆಗಳ ಕಡೆ ಹೋಯಿತು. ನಿವಾಸಿಗಳು ನೆಲಕ್ಕೆ ನೀರು ಸುರಿದು ತೊಳೆಯದೆ ಬಟ್ಟೆಯಿಂದ ಒರೆಸುತ್ತಿದ್ದುದರಿಂದ ಅನೇಕ ಮನೆಗಳಲ್ಲಿ ಬಾಗಿನ ನೀರು ಆರಿಹೋಗಿತ್ತು. ಬಚ್ಚಲಿನ ಗಾಳಿಯನ್ನು ಹೊರಹಾಕುವ ಫ್ಯಾನು ತಿರುಗಿದಾಗ ಮಲಕೊಳವೆಯೊಳಗಿನ ಸೋಂಕಿನ ಹನಿಗಳು ಆ ಬರಿದಾದ ಬಾಯಿಯಿಂದ ಮನೆಯೊಳಕ್ಕೆ ಸೆಳೆಯಲ್ಪಟ್ಟಿರಬೇಕೆಂದು ಅವರು ತೀರ್ಮಾನಿಸಿದರು. ದಿನವೂ ನೆಲಕ್ಕೆ ನೀರು ಬೀಳುವ ನಮ್ಮ ಬಚ್ಚಲುಗಳಲ್ಲಿ ಈ ಸಂಭವ ಕಡಿಮೆ. ಆದರೆ ಬೇಸಿಗೆಯ ರಜೆಯಲ್ಲಿ ಒಂದು ತಿಂಗಳು ಮನೆಗೆ ಬೀಗ ಹಾಕಿ ಊರಿಗೆ ಹೋಗಿ ಬಂದವರು ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ವಾಸನೆ ಇದೇ ಕಾರಣದ್ದು. ಮರಳಿದ ಕೂಡಲೇ ಪ್ರತಿ ಜಾಲರಿಗೂ ಒಂದೊಂದು ತಂಬಿಗೆ ನೀರು ಸುರಿಯುವುದು ಮೊದಲ ಕೆಲಸವಾಗಬೇಕು. ಹೊಸ ಮಾದರಿಯ ಬಚ್ಚಲುಗಳಲ್ಲಿ ಶವರಿನ ಭಾಗವನ್ನು ಗಾಜಿನಿಂದ ಪ್ರತ್ಯೇಕಿಸಿ ಉಳಿದ ನೆಲವನ್ನು ಒಣಗಿಡುವ ಪದ್ಧತಿ ಬಂದಿದೆ. ಅಲ್ಲಿಯ ಒಣಭಾಗದ ಜಾಲರಿಯ ವಿಷಯದಲ್ಲಿ ಈ ಎಚ್ಚರ ವರ್ಷವಿಡೀ ಬೇಕಾಗುತ್ತದೆ.

ನವೀಕರಣದ ಸಮಯದಲ್ಲಿ ಈ ಮುದ್ರೆ ಹೇಗೆ ಹಾಳಾಗುತ್ತದೆಂಬುದನ್ನೂ ಗಮನಿಸಬೇಕು. ನೆಲದ ಎತ್ತರ ಏರದಿರಲೆಂದು ಆಳ ಕಡಿಮೆಯಿರುವ ಅಗ್ಗದ ಟ್ರ್ಯಾಪ್ ಹಾಕುತ್ತಾರೆ. ಬೇಸಿನ್ನಿನ ಸುಕ್ಕುಕೊಳವೆಯನ್ನು ಬಾಗೇ ಇಲ್ಲದೆ ನೇರವಾಗಿ ಚರಂಡಿ ಕೊಳವೆಗೆ ತೂರಿಸುತ್ತಾರೆ. ಶೌಚದ ಕೊಳವೆಯ ವಾಯುಸಂಚಾರದ ಸಾಲನ್ನು 'ಇದರಲ್ಲಿ ನೀರೇ ಹರಿಯುವುದಿಲ್ಲ' ಎಂದು ಮುಚ್ಚಿಬಿಡುತ್ತಾರೆ. ಆಗ ಮೇಲಿನ ಮನೆಯವರು ಫ್ಲಶ್ ಮಾಡಿದಾಗಲೆಲ್ಲ ಕೆಳಗಿನ ಬಾಗಿನ ನೀರು ಹೀರಲ್ಪಟ್ಟು ಗುಳುಗುಳು ಸದ್ದು ಕೇಳಿಸುತ್ತದೆ. ಹೊರಹೋಗುವ ಕೊಳವೆಗೆ ಐ.ಎಸ್. 13592 ಮಾನಕದ 'ಬಿ' ವರ್ಗದ್ದೇ ಆಗಬೇಕು. 'ಎ' ವರ್ಗ ಮಳೆನೀರಿಗೆ ಮತ್ತು ವಾಯುಸಂಚಾರಕ್ಕೆ ಮಾತ್ರ. ಇಳಿಜಾರು ಮೀಟರಿಗೆ 20ರಿಂದ 25 ಮಿಲಿಮೀಟರ್ ಇದ್ದರೆ ನೀರೂ ಕಲ್ಮಷವೂ ಜೊತೆಯಾಗಿ ಸಾಗುತ್ತವೆ. ಶೌಚಕುಂಡವನ್ನು ಎದುರಿನ ಗೋಡೆಗೆ ಸ್ಥಳಾಂತರಿಸುವ ಆಸೆ ಅನೇಕರಿಗೆ. ಹಾಗೆ ಮಾಡಿದಾಗ ಕೊಳವೆ ಉದ್ದವಾಗಿ ಈ ಇಳಿಜಾರಿಗೆ ನೆಲದ ಆಳ ಸಾಲದೆ ಹೋಗುತ್ತದೆ. ಇದ್ದ ಜಾಗದಲ್ಲಿಯೇ ಅದನ್ನು ಉಳಿಸಿಕೊಳ್ಳುವುದು ವಿವೇಕ.

ಇನ್ನು ಪರೀಕ್ಷೆಯ ವಿಚಾರ. ಇಡೀ ಕೆಲಸದಲ್ಲಿ ಮನೆಯವರು ಖುದ್ದಾಗಿ ನಿಂತು ನೋಡಲೇಬೇಕಾದುದು ಇದೊಂದು, ತಪ್ಪಿಹೋಗುವುದೂ ಇದೇ. ಟೈಲ್ಸ್ ಕೆಲಸದವರು ಮರುದಿನ ಬರುವುದಾಗಿ ಹೇಳಿರುತ್ತಾರೆ. ಅವರಿಗೆ ದಿನಗೂಲಿ ಕೊಡಬೇಕು. ಮಗಳ ಪರೀಕ್ಷೆ ಹತ್ತಿರ ಬಂದಿರುತ್ತದೆ. ನೆರೆಮನೆಯ ಬಚ್ಚಲಿಗೆ ಎಷ್ಟು ದಿನವೆಂದು ಹೋಗುವುದು! "ನೀರು ಬಿಟ್ಟು ನೋಡಿದೆ, ಎಲ್ಲ ಸರಿಯಾಗಿದೆ" ಎಂಬ ಒಂದು ಮಾತಿನ ಮೇಲೆ ಗೋಡೆ ಮುಚ್ಚಿಹೋಗುತ್ತದೆ. ನೀರು ಬಿಟ್ಟು ನೋಡುವುದಕ್ಕೂ ಒತ್ತಡ ಕೊಟ್ಟು ನೋಡುವುದಕ್ಕೂ ಬಹಳ ಅಂತರವಿದೆ. ಟ್ಯಾಂಕಿನ ನೀರಿನ ಮಟ್ಟದಿಂದ ಹತ್ತು ಮೀಟರ್ ಕೆಳಗೆ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ. ಮೇಲಿನ ಮಹಡಿಯಲ್ಲಿ ಅದು 0.3 ಮಾತ್ರ ಇರಬಹುದು. ಅಷ್ಟು ಸಣ್ಣ ಒತ್ತಡದಲ್ಲಿ ಅರೆಬರೆ ಅಂಟಿದ ಜೋಡಣೆಯೂ ಒಣಗಿಯೇ ಕಾಣುತ್ತದೆ. ಮುಂದೆ ಎಂದಾದರೂ ಕಟ್ಟಡಕ್ಕೆ ಒತ್ತಡದ ಪಂಪು ಬಂದಾಗ, ಅಥವಾ ಹರಿಯುವ ನೀರನ್ನು ಯಾರಾದರೂ ಥಟ್ಟನೆ ನಿಲ್ಲಿಸಿ ಕೊಳವೆಯಲ್ಲಿ ಹೊಡೆತ ಉಂಟಾದಾಗ ಅದು ಬಿಡುತ್ತದೆ.

ಸರಿಯಾದ ಕ್ರಮವೆಂದರೆ ಕೊನೆಯ ಅಂಟಿನ ಜೋಡಣೆಯಾದ ಮೇಲೆ ಒಂದು ದಿನ ಬಿಟ್ಟು, ನಲ್ಲಿ ಕೂರುವ ಬಾಯಿಗಳಿಗೆಲ್ಲ ಬಿರಡೆ ಹಾಕಿ, ಸಂಘದ ಸಾಮಾನ್ಯ ಸಾಲಿನಿಂದಲೂ ಗೀಸರಿನಿಂದಲೂ ಬೇರ್ಪಡಿಸಿ, ಗಾಳಿ ಪೂರ್ತಿ ಹೊರಹೋಗುವಂತೆ ನೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸಬೇಕು. ಬಳಕೆಯ ಒತ್ತಡದ ಒಂದೂವರೆ ಪಟ್ಟು ಕನಿಷ್ಠ ಮಿತಿ. ಕೊಳವೆ ತಯಾರಕರು ಅದಕ್ಕಿಂತ ಹೆಚ್ಚು ಸೂಚಿಸಿದ್ದರೆ ಅದನ್ನು ಅನುಸರಿಸಬೇಕು. ಅನಂತರ ಮಾಪಕದ ಮುಳ್ಳು ಎರಡು ಗಂಟೆ ಕಾಲ ನಿಂತಲ್ಲೇ ನಿಂತಿರಬೇಕು. ಮುಳ್ಳು ಇಳಿದರೆ ಎಲ್ಲೋ ಒಂದೆಡೆ ನೀರು ಹೋಗುತ್ತಿದೆ ಎಂದೇ ಅರ್ಥ. ಬರಿಗಣ್ಣಿಗೆ ಹನಿ ಕಾಣದಿದ್ದರೂ ಹುಡುಕಬೇಕು. ಪ್ಲಾಸ್ಟಿಕ್ ಕೊಳವೆಗಳನ್ನು ನೀರಿನ ಬದಲು ಗಾಳಿಯ ಒತ್ತಡದಿಂದ ಪರೀಕ್ಷಿಸುವುದು ಅಪಾಯಕರ. ಒಡೆದರೆ ಚೂರುಗಳು ಸಿಡಿಯುತ್ತವೆ. ಕೈಪಂಪು ಮತ್ತು ಮಾಪಕ ದುಬಾರಿ ಉಪಕರಣಗಳಲ್ಲ. ಅವು ತನ್ನ ಬಳಿ ಇಲ್ಲವೆನ್ನುವ ಪ್ಲಂಬರಿಗೆ ಬಾಡಿಗೆಗಾದರೂ ತರಲು ಹೇಳಿ, ಆ ಮೊತ್ತವನ್ನು ಮನೆಯವರೇ ಕೊಡುವುದು ಒಳಿತು.

ಇಲ್ಲಿ ಒಂದು ಮಾತು ಪ್ಲಂಬರುಗಳ ಪರವಾಗಿ. ದೇಶದ ಮಹಾನಗರಗಳಲ್ಲಿ ಈ ವೃತ್ತಿ ನಡೆಸುವವರಲ್ಲಿ ದೊಡ್ಡ ಸಂಖ್ಯೆಯವರು ಒಡಿಶಾದ ಕೇಂದ್ರಪಾಡಾ ಜಿಲ್ಲೆಯಿಂದ ಬಂದವರು. ಆ ಜಿಲ್ಲೆಯ ಪಟ್ಟಾಮುಂಡಾಯಿಯಲ್ಲಿ ಕೊಳವೆ ವಿದ್ಯೆಗೆಂದೇ ಸರಕಾರಿ ಸಂಸ್ಥೆಯಿದೆ. ಮನೆಯವರದು ಕನ್ನಡ, ಗಾರೆಯವರದು ತೆಲುಗೋ ಮರಾಠಿಯೋ, ಪ್ಲಂಬರನದು ಒಡಿಯಾ. ನಡುವೆ ಎಲ್ಲರಿಗೂ ಅಷ್ಟಿಷ್ಟು ಬರುವ ಹಿಂದಿ. ಬಾಯಿಮಾತಿನಲ್ಲಿ ಹೇಳಿದ್ದು ಹೀಗೆ ಮೂರು ಭಾಷೆ ದಾಟುವಷ್ಟರಲ್ಲಿ ಬೇರೆಯೇ ಆಗುವುದರಿಂದ, ನಲ್ಲಿಗಳ ಎತ್ತರ, ಕೊಳವೆಯ ದಾರಿ, ಪರೀಕ್ಷೆಯ ಒತ್ತಡ ಇವುಗಳನ್ನು ಒಂದು ಹಾಳೆಯಲ್ಲಿ ಚಿತ್ರ ಬರೆದು ಅಂಕಿಗಳಲ್ಲಿ ತೋರಿಸಬೇಕು. ಪರೀಕ್ಷೆಗೆ ಬೇಕಾಗುವ ದಿನವನ್ನೂ ಅದರ ಕೂಲಿಯನ್ನೂ ಮೊದಲೇ ಒಪ್ಪಂದದಲ್ಲಿ ಸೇರಿಸಿದರೆ ಆತುರಪಡಲು ಅವರಿಗೂ ಕಾರಣವಿರುವುದಿಲ್ಲ.

ಎರಡನೆಯದು ನೆಲದ ಪರೀಕ್ಷೆ. ಹಳೆಯ ನೆಲ ಕಿತ್ತಾಗ ಅದರಡಿಯ ಜಲನಿರೋಧಕ ಪದರವೂ ಹೋಗಿರುತ್ತದೆ. ಹೊಸ ಪದರವನ್ನು ಗೋಡೆಯ ಬುಡದಲ್ಲಿ ಒಂದು ಅಡಿಯಷ್ಟಾದರೂ ಮೇಲಕ್ಕೆ, ಶವರಿನ ಬಳಿ ಆಳೆತ್ತರಕ್ಕೆ ಹತ್ತಿಸಬೇಕು. ಕೊಳವೆಗಳು ನೆಲವನ್ನು ತೂರುವ ಜಾಗಗಳನ್ನು ಪ್ರತ್ಯೇಕವಾಗಿ ಬಿಗಿಮಾಡಬೇಕು. ಅದು ಒಣಗಿದ ಮೇಲೆ ಜಾಲರಿಯ ಬಾಯಿ ಮುಚ್ಚಿ, ಹೊಸ್ತಿಲಿಗೆ ತಡೆ ಕಟ್ಟಿ, ಎರಡು ಅಂಗುಲ ನೀರು ನಿಲ್ಲಿಸಿ, ಗೋಡೆಯ ಮೇಲೆ ಮಟ್ಟದ ಗುರುತು ಹಾಕಿ, ಎರಡು ದಿನ ಬಿಡಬೇಕು. ಆಗ ನೋಡಬೇಕಾದುದು ಕೆಳಗಿನ ಮನೆಯ ಛಾವಣಿಯನ್ನು. ಮುಂಬಯಿಯ ಅನೇಕ ಕಟ್ಟಡಗಳಲ್ಲಿ ಬಚ್ಚಲಿನ ಚಪ್ಪಡಿಯನ್ನು ತಗ್ಗಿಸಿ ಮೇಲೆ ಇಟ್ಟಿಗೆ ಚೂರುಗಳ ಭರ್ತಿ ಮಾಡಿರುತ್ತಾರೆ. ಅಂತಹ ಕಡೆ ಸೋರಿದ ನೀರು ಭರ್ತಿಯಲ್ಲಿಯೇ ತಿಂಗಳುಗಟ್ಟಲೆ ಸಂಗ್ರಹವಾಗಿ, ನಿಧಾನವಾಗಿ ಚಪ್ಪಡಿಯ ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಬಿರಿದು ಹೊಪ್ಪಳಿಕೆಯಾಗಿ ಕೆಳಗೆ ಬೀಳುತ್ತದೆ. ಬೀಳುವ ಜಾಗದಲ್ಲಿ ಇನ್ನೊಬ್ಬರ ಮನೆಯ ವೃದ್ಧರೋ ಮಗುವೋ ಸ್ನಾನ ಮಾಡುತ್ತಿರಬಹುದು. ಚಪ್ಪಡಿಯ ಕೆಳಗೆ ಕೊಳವೆಗಳು ನೇತಾಡುವ ಹಳೆಯ ಮಾದರಿಯ ಕಟ್ಟಡಗಳಲ್ಲಿ ಮೇಲಿನವರ ಟ್ರ್ಯಾಪ್ ಬದಲಿಸಲು ಕೆಳಗಿನವರ ಬಚ್ಚಲಿನೊಳಗೆ ಹೋಗಬೇಕಾಗುತ್ತದೆ. ಮುಂಚಿತವಾಗಿ ಒಂದು ಮಾತು ಹೇಳಿದ್ದರ ಪ್ರಯೋಜನ ಅಂದು ತಿಳಿಯುತ್ತದೆ.

ಎರಡೂ ಪರೀಕ್ಷೆ ಮುಗಿದು, ಗೋಡೆ ಮುಚ್ಚುವ ಮೊದಲು, ನಾಲ್ಕು ಗೋಡೆಗಳದೂ ನೆಲದ್ದೂ ಛಾಯಾಚಿತ್ರ ತೆಗೆಯಬೇಕು. ಅಳತೆಪಟ್ಟಿಯನ್ನು ಪಕ್ಕದಲ್ಲಿಯೇ ಹಿಡಿದಿರಬೇಕು. ಬಾಗಿಲ ಚೌಕಟ್ಟಿನಿಂದ, ನೆಲದ ಮಟ್ಟದಿಂದ ಪ್ರತಿ ಕೊಳವೆ ಎಷ್ಟು ದೂರವೆಂದು ಚಿತ್ರದಲ್ಲಿ ಓದಲು ಬರಬೇಕು. ಮುಂದೆ ಕನ್ನಡಿಗೋ ಸಾಬೂನಿನ ಗೂಡಿಗೋ ಮೊಳೆ ಹೊಡೆಯುವಾಗ ಅದು ಬೇಕಾಗುತ್ತದೆ. ಬಚ್ಚಲಿಗೆ ಪ್ರತ್ಯೇಕವಾದ ಒಂದು ನಿಲುಗಡೆ ವಾಲ್ವು ಕೈಗೆಟಕುವಲ್ಲಿ ಇರಲಿ, ಮನೆಯ ಮಕ್ಕಳಿಗೂ ಅದು ತಿಳಿದಿರಲಿ. ಹೊಸ ನಲ್ಲಿಗಳ ಬಾಯಿಯ ಜಾಲರಿ ಬಿಚ್ಚಿ ಕೆಲವು ನಿಮಿಷ ನೀರು ಹರಿಸಿದರೆ ಕೊಳವೆಯೊಳಗೆ ಉಳಿದ ಸಿಪ್ಪೆ, ಮರಳು ಹೊರಹೋಗುತ್ತದೆ. ಆ ಮೊದಲ ನೀರನ್ನು ಕುಡಿಯಲು ಬಳಸಬಾರದು. ಛಾಯಾಚಿತ್ರಗಳ ಒಂದು ಪ್ರತಿ, ಕೊಳವೆಯ ದಾರಿಯ ಚಿತ್ರ, ಕೊಂಡ ರಶೀದಿಗಳು ಇವಿಷ್ಟನ್ನೂ ಒಂದು ಲಕೋಟೆಯಲ್ಲಿ ಹಾಕಿ ಮನೆಯ ಕಾಗದಪತ್ರಗಳ ಜೊತೆ ಇಡತಕ್ಕದ್ದು. ಇನ್ನೊಂದು ಪ್ರತಿಯನ್ನು ಸಂಘದ ಕಚೇರಿಯಲ್ಲಿ ಆ ಮನೆಯ ಕಡತಕ್ಕೆ ಸೇರಿಸಬಹುದು. ಮನೆ ಮಾರಿ ಊರಿಗೆ ಮರಳುವವರು ಬೀಗದಕೈಯ ಜೊತೆ ಆ ಲಕೋಟೆಯನ್ನೂ ಹೊಸಬರಿಗೆ ಕೊಟ್ಟುಹೋಗಲಿ.